ಮುಂದಿನ ವಾರ ಮಳಿ ಆಕ್ಕೈತೇನು?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ನನಗೆ ಮೊದಲು ಕೊಟ್ಟ ವಿಷಯ 'ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಕರು'. ಅದರ ಮೇಲೆ ಮಾತನಾಡುವವರು ಬಹಳ ಜನ ಇದ್ದಾರೆ. ನಾನು ಮಳೆಯ ಬಗ್ಗೆ ಮಾತನಾಡುತ್ತೇನೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರೇ, 'ಹಂಗಾರ ಪೆಂಡಾಲ್ ಹಾಕೂದು ಯಾವತ್ತು ಪಾಡು ಅನ್ನೋದನ್ನೂ ಹೇಳಿಬಿಡ್ರಿ' ಎಂದರು. ಈ ಪೆಂಡಾಲ್ ಇವತ್ತಿಗೆ ಮುಗಿಯುವುದಿಲ್ಲ, ನಿಮಗೆ ಗೊತ್ತು. ಬಸವ ಜಯಂತಿಯ ಮದುವೆಗಳಿಗೆ ಇದನ್ನೇ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಬರುವ ವಾರದ ಹವಾಮಾನ ಸುಮ್ಮನೆ ಹರಟೆಯ ವಿಷಯವಲ್ಲ.

ನಾನು ಹವಾಮಾನ ಶಾಸ್ತ್ರ ಓದಿದವನಲ್ಲ. ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದೆ. ಅಲ್ಲಿ ನಮ್ಮ ತಂಡ ಬರೆಯುವ ಪ್ರೋಗ್ರಾಮು ಸರಕು ಲಾರಿಗಳ ದಾರಿ ನಿರ್ಧರಿಸುತ್ತದೆ. ಅದಕ್ಕೆ ಪ್ರತಿದಿನ ಹವಾಮಾನದ ಅಂಕಿಗಳು ಬರುತ್ತವೆ. ಆ ಅಂಕಿಗಳನ್ನು ಎಷ್ಟು ನಂಬಬೇಕು ಎಂದು ತಿಳಿದುಕೊಳ್ಳುವುದು ನನ್ನ ಕೆಲಸದ ಭಾಗ. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಇಂದು ರವಿವಾರ. ಬರುವ ಮಂಗಳವಾರ ಅಶ್ವಿನಿ ಮಳೆ ಕೂಡುತ್ತದೆ. ಅದಾದ ಮೇಲೆ ಭರಣಿ, ಕೃತ್ತಿಕಾ, ಮೇ ಕೊನೆಗೆ ರೋಹಿಣಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. 27 ನಕ್ಷತ್ರ ಸೇರಿದರೆ ವರ್ಷ. ಈ ದಿನಗಳಲ್ಲಿ ನಾಲ್ಕು ಹನಿ ಬಿದ್ದರೆ ಪತ್ರಿಕೆಗಳು 'ಅಕಾಲಿಕ ಮಳೆ' ಎಂದು ಬರೆಯುತ್ತವೆ. ನನಗೆ ಆ ಶಬ್ದ ಒಪ್ಪಿಗೆಯಿಲ್ಲ. ಹಿರಿಯರು ಹೆಸರಿಟ್ಟು ಕರೆದ ಮಳೆ ಅಕಾಲಿಕ ಹೇಗಾದೀತು? ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಈ ಊರಿನ ಸಣ್ಣ ಹುಡುಗನೂ ಹೇಳುತ್ತಾನೆ. ಹವಾಮಾನ ಇಲಾಖೆಯವರೂ ಮಾರ್ಚ್‌ನಿಂದ ಮೇ ತನಕದ ಈ ಮೂರು ತಿಂಗಳನ್ನು ಮುಂಗಾರು ಪೂರ್ವ ಕಾಲ ಎಂದು ಬೇರೆಯಾಗಿಯೇ ಲೆಕ್ಕ ಇಡುತ್ತಾರೆ. ವರ್ಷವಿಡೀ ಸೇರಿದರೂ 600 ಮಿ.ಮೀ. ಮುಟ್ಟದ ಜಿಲ್ಲೆ ನಮ್ಮದು. ನಮಗೆ ಯಾವ ಮಳೆಯೂ ಹೆಚ್ಚಿನದಲ್ಲ.

ಆದರೆ ನಕ್ಷತ್ರ ಹೇಳುವುದು ಕಾಲವನ್ನು, ದಿನವನ್ನಲ್ಲ. ಪಂಚಾಂಗ ಅಶ್ವಿನಿ ಎಂದರೆ ಮುಂದಿನ 13 ದಿನಗಳಲ್ಲಿ ಇಂಥ ಗಾಳಿ-ಮಳೆ ಆಗುವ ರೂಢಿ ಇದೆ ಎಂದಷ್ಟೇ. ಕಣಿಕೆ ಬಣವಿ ಒಟ್ಟಬೇಕಾದವನಿಗೆ ಬೇಕಾದದ್ದು ಬುಧವಾರವೋ ಗುರುವಾರವೋ ಎಂಬ ಮಾತು.

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತುವಾಗ ಮೊಬೈಲ್ ನೋಡಿದೆ. ಸೋಮವಾರ, ಮಂಗಳವಾರ ಬಿಸಿಲು, 40 ಡಿಗ್ರಿ. ಬುಧವಾರ ಮಧ್ಯಾಹ್ನದ ಮೇಲೆ ಮೋಡ. ಗುರುವಾರ ಗುಡುಗು ಮಳೆ, 40 ಪ್ರತಿಶತ. ಶುಕ್ರವಾರ 30. ಶನಿವಾರ ಮತ್ತೆ ಬಿಸಿಲು. ಇವತ್ತು ಬೆಳಗ್ಗೆ ಅದೇ ಮೊಬೈಲಿನಲ್ಲಿ ಗುರುವಾರ 25ಕ್ಕೆ ಇಳಿದು, ಶುಕ್ರವಾರ 45ಕ್ಕೆ ಏರಿತ್ತು. ನಮ್ಮ ದೊಡ್ಡಪ್ಪ ಚಹಾ ಕುಡಿಯುತ್ತ ಇದನ್ನು ಕೇಳಿ, 'ನಿನ್ನ ಮೊಬೈಲಿಗಿಂತ ನಮ್ಮ ಎತ್ತು ಪಾಡಲೇ ತಮ್ಮಾ, ಅದು ಒಮ್ಮೆ ಕಿವಿ ನಿಮಿರಿಸಿದ್ರ ಮತ್ತ ಮಾತು ಬದಲಿಸೂದಿಲ್ಲ' ಎಂದರು. ಎಲ್ಲರೂ ನಕ್ಕರು. ಆದರೆ ಮಾತು ಬದಲಿಸುವುದು ಮೊಬೈಲಿನ ತಪ್ಪಲ್ಲ. ಏಕೆ ಎಂದು ಹೇಳಲು ಸ್ವಲ್ಪ ಹೊಲದ ಕಡೆ ಹೋಗೋಣ.

ಪುಸ್ತಕದಲ್ಲಿ ಈಗ ವಸಂತ ಋತು. ನಮ್ಮಲ್ಲಿ ಅದಕ್ಕೆ ಬ್ಯಾಸಿಗಿ ಎಂದೇ ಹೆಸರು. ಜೋಳ, ಕಡಲೆ ಎಲ್ಲ ಮನೆಗೆ ಬಂದು ಎರಿ ಭೂಮಿ ಬಯಲಾಗಿದೆ, ಬಿರುಕು ಬಿಟ್ಟಿದೆ. ಕಪ್ಪು ನೆಲ ಬೆಳಗ್ಗೆ ಎಂಟರಿಂದಲೇ ಕಾಯತೊಡಗುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಮಧ್ಯಾಹ್ನ ಹೊಲದಲ್ಲಿ ಸುಳಿಗಾಳಿ ಎದ್ದು ಕಸ, ರವದಿ ಸುತ್ತಿಕೊಂಡು ಹೋಗುವುದನ್ನು ನೋಡುತ್ತೀರಲ್ಲ, ಅದು ಕಣ್ಣಿಗೆ ಕಾಣುವಂತೆ ಮೇಲೇಳುವ ಗಾಳಿ. ಆದರೆ ಬರೀ ಬಿಸಿಯಿಂದ ಮಳೆಯಾಗುವುದಿಲ್ಲ, ತೇವ ಬೇಕು. ತೇವ ಬರುವುದು ದೂರದ ಎರಡು ಕಡೆಯಿಂದ: ಮೂಡಣದ ಬಂಗಾಳ ಕೊಲ್ಲಿ, ಪಡುವಣದ ಅರಬ್ಬಿ ಸಮುದ್ರ. ಉತ್ತರದಿಂದ, ವಾಯವ್ಯದಿಂದ ಬರುವುದು ಒಣ ಗಾಳಿ. ಈ ಗಾಳಿಗಳು ಎದುರುಬದುರಾಗುವ ಒಂದು ಗೆರೆ ಈ ದಿನಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನ ಕಡೆಗೆ ಇಳಿಯುತ್ತದೆ. ಧಾರವಾಡ ಆಕಾಶವಾಣಿಯಲ್ಲಿ ಕೇಳುವ 'ಕಡಿಮೆ ಒತ್ತಡದ ಪಟ್ಟಿ' ಇದೇ. ಗೆರೆ ಒಂದು ಕಡೆ ನಿಲ್ಲುವುದಿಲ್ಲ. ಇವತ್ತು ರಾಯಚೂರಿನ ಮೇಲೆ, ನಾಳೆ ನಮ್ಮ ಮೇಲೆ, ನಾಡಿದ್ದು ಬೆಳಗಾವಿಯ ಕಡೆ. ಅದು ಸ್ವಲ್ಪ ಸರಿದರೂ ನಮಗೆ ಬರುವ ಗಾಳಿ ಒಣದಿಂದ ಹಸಿಗೆ, ಹಸಿಯಿಂದ ಒಣಕ್ಕೆ ತಿರುಗುತ್ತದೆ. ವಾರದಲ್ಲಿ ಎರಡು ದಿನ ಬೆಂಕಿ, ಒಂದು ದಿನ ಮೋಡ, ಒಂದು ದಿನ ಆಣೆಕಲ್ಲು ಆಗುವುದರ ಗುಟ್ಟು ಇಷ್ಟೇ.

ತೇವ ಸಿಕ್ಕ ಬಿಸಿಗಾಳಿ ಮೇಲೇರುತ್ತ 10 ಕಿ.ಮೀ.ಗೂ ಎತ್ತರದ ಮೋಡವಾಗುತ್ತದೆ. ನೆಲದ ಮೇಲೆ 40 ಡಿಗ್ರಿ ಇದ್ದರೂ ಸುಮಾರು 5 ಕಿ.ಮೀ. ಮೇಲೆ ಹೋದರೆ ನೀರು ಹೆಪ್ಪುಗಟ್ಟುವ ಚಳಿ. ಮೇಲೇಳುವ ಗಾಳಿ ಜೋರಾಗಿದ್ದರೆ ಮಂಜಿನ ಹರಳನ್ನು ಕೆಳಗೆ ಬೀಳಗೊಡುವುದಿಲ್ಲ. ಅದು ತೇಲುತ್ತ ತೇಲುತ್ತ ನೀರು ಹಿಡಿದು ದಪ್ಪವಾಗುತ್ತದೆ. ದೊಡ್ಡ ಆಣೆಕಲ್ಲು ಸಿಕ್ಕರೆ ಮಕ್ಕಳು ಒಡೆದು ನೋಡಿ, ಉಳ್ಳಾಗಡ್ಡಿಯ ಹಾಗೆ ಪದರ ಪದರ ಇರುತ್ತದೆ.

ಈಗ ಲೆಕ್ಕದ ಮಾತಿಗೆ ಬರುತ್ತೇನೆ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಇವತ್ತು ಪುಣೆಯಲ್ಲಿ 'ಅರ್ಕ', ನೊಯ್ಡಾದಲ್ಲಿ 'ಅರುಣಿಕಾ' ಎಂಬ ಸೂಪರ್‌ ಕಂಪ್ಯೂಟರುಗಳು ಈ ಕೆಲಸಕ್ಕಾಗಿಯೇ ಇವೆ, 2024ರಲ್ಲಿ ಬಂದವು. ಕಂಪ್ಯೂಟರು ಭೂಮಿಯನ್ನು ಚೌಕಗಳಾಗಿ ಕೊಯ್ದು, ಒಂದೊಂದು ಚೌಕದ ಬಿಸಿ, ತೇವ, ಗಾಳಿ, ಒತ್ತಡಗಳನ್ನು ಹಿಡಿದು, ಮುಂದಿನ ಕೆಲವು ನಿಮಿಷಕ್ಕೆ ಅವು ಏನಾಗುತ್ತವೆ, ಅದರ ಮುಂದಿನದಕ್ಕೆ ಏನಾಗುತ್ತವೆ ಎಂದು ಹತ್ತು ದಿನದವರೆಗೆ ಗುಣಿಸುತ್ತ ಹೋಗುತ್ತದೆ. ಮೊನ್ನೆಮೊನ್ನೆಯವರೆಗೆ ಚೌಕದ ಅಳತೆ 12 ಕಿ.ಮೀ. ಇತ್ತು, ಹೆಚ್ಚುಕಮ್ಮಿ ಹುನಗುಂದದಿಂದ ಇಳಕಲ್ಲಿಗೆ ಇರುವಷ್ಟು. 2025ರ ಮೇ ತಿಂಗಳಲ್ಲಿ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್'ನಲ್ಲಿ ಅದು 6 ಕಿ.ಮೀ.ಗೆ ಇಳಿದಿದೆ. ಜಗತ್ತಿನ ಮಟ್ಟದಲ್ಲಿಯೇ ಇದು ಹೆಮ್ಮೆಪಡುವ ಅಳತೆ. ಆದರೆ ನಮ್ಮ ಚೈತ್ರದ ಒಂದು ಗುಡುಗು ಮೋಡದ ಹರವು ಅನೇಕ ಸಲ ಐದಾರು ಕಿ.ಮೀ. ಮಾತ್ರ, ಆಯುಷ್ಯ ಮುಕ್ಕಾಲು ಗಂಟೆ, ಒಂದು ಗಂಟೆ. ಸಾಣಿಗೆಯ ಕಣ್ಣಿಗಿಂತ ಕಾಳು ಸಣ್ಣದಿದ್ದರೆ ಕಾಳು ಸೋರಿಹೋಗುತ್ತದೆ. ಮೇಲಿನ ಓಣಿಯಲ್ಲಿ ಮಳೆ, ಕೆಳಗಿನ ಓಣಿಯಲ್ಲಿ ಧೂಳು ಆಗುವುದನ್ನು ಐದು ದಿನ ಮುಂಚೆ ಯಾವ ಕಂಪ್ಯೂಟರೂ ಹೇಳಲಾರದು.

ಆ ಹೊತ್ತಿನಲ್ಲಿ ರಾಡಾರ್ ಇದ್ದರೆ ಮೋಡ ಬರುವುದು ಕಾಣುತ್ತದೆಯಲ್ಲ ಎನ್ನಬಹುದು. ಗೋವಾದಲ್ಲಿ ರಾಡಾರ್ ಇದೆ, ಹೈದರಾಬಾದಿನಲ್ಲಿದೆ. ಹುನಗುಂದಕ್ಕೆ ಗೋವಾ ನೆಟ್ಟಗೆ ಅಳೆದರೆ ಸುಮಾರು 250 ಕಿ.ಮೀ., ಹೈದರಾಬಾದ್ ಅದಕ್ಕಿಂತ ದೂರ. ಭೂಮಿ ದುಂಡಗಿರುವುದರಿಂದ ಅಲ್ಲಿಂದ ಹೊರಟ ರಾಡಾರ್ ಕಿರಣ ನಮ್ಮ ಊರಿಗೆ ಬರುವ ಹೊತ್ತಿಗೆ ಐದಾರು ಕಿ.ಮೀ. ಎತ್ತರದಲ್ಲಿ ಹಾಯುತ್ತದೆ. ಮೋಡದ ತಲೆ ಕಂಡೀತು, ಕಾಲು ಕಾಣುವುದಿಲ್ಲ. ನಾವು ಎರಡೂ ರಾಡಾರುಗಳ ಅಂಚಿನಲ್ಲಿ ಇರುವವರು. ಈ ಭಾಗಕ್ಕೊಂದು ರಾಡಾರ್ ಬೇಕು ಎಂದು ಕೇಳಲು ಇದು ಒಳ್ಳೆಯ ಕಾರಣ. ಜನಪ್ರತಿನಿಧಿಗಳು ಬೆಳಗ್ಗೆಯೇ ಬಂದು ಹೋದರು, ಇಲ್ಲದಿದ್ದರೆ ಅವರ ಮುಂದೆಯೇ ಹೇಳುತ್ತಿದ್ದೆ.

ಇನ್ನೊಂದು ತೊಡಕಿದೆ, ನನ್ನಂಥ ಪ್ರೋಗ್ರಾಮು ಬರೆಯುವವರು ಮರೆಯಲಾಗದ್ದು. 1961ರ ಚಳಿಗಾಲ, ಅಮೆರಿಕದ ಎಂ.ಐ.ಟಿ.ಯಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ವಿಜ್ಞಾನಿ ತನ್ನ ಕಂಪ್ಯೂಟರಿನ ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸಿದ. ಯಂತ್ರದೊಳಗೆ ಇದ್ದ ಸಂಖ್ಯೆ 0.506127. ಕಾಗದದ ಮೇಲೆ ಅಚ್ಚಾಗಿದ್ದು 0.506. ಅವನು ಹಾಕಿದ್ದು ಕಾಗದದ್ದು. ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ವ್ಯತ್ಯಾಸ. ಕಾಫಿ ಕುಡಿದು ಬರುವಷ್ಟರಲ್ಲಿ ಎರಡೂ ಲೆಕ್ಕಗಳ ಹವಾಮಾನ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾಗಿತ್ತು. ಇವತ್ತು ಗಾಳಿಯನ್ನು ಅಳೆಯುವಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಏಳನೆಯ ದಿನಕ್ಕೆ ಅದು ಬಣವಿಯಷ್ಟಾಗುತ್ತದೆ. ನಮ್ಮ ಮೇಲಿನ ಗಾಳಿಯನ್ನು ಅಳೆಯುವ ಬಲೂನು ಹಾರುವುದಾದರೂ ಎಲ್ಲಿಂದ? ಗೋವಾ, ಹೈದರಾಬಾದ್, ಬೆಂಗಳೂರು, ಮಂಗಳೂರುಗಳಿಂದ. ನಡುವಿನ ನಾವು ಅಂದಾಜಿನಲ್ಲಿರುವವರು.

ಅದಕ್ಕಾಗಿ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಒಂದೇ ಲೆಕ್ಕವನ್ನು, ಶುರುವಿನ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಅನೇಕ ಸಲ ಓಡಿಸುತ್ತಾರೆ. ಯುರೋಪಿನ ಕೇಂದ್ರದವರು 51 ಸಲ ಓಡಿಸುತ್ತಾರೆ. ಅದರಲ್ಲಿ 20ರಲ್ಲಿ ನಮ್ಮ ಚೌಕದಲ್ಲಿ ಗುರುವಾರ ಮಳೆ ಬಂದರೆ ಸುಮಾರು 40 ಪ್ರತಿಶತ. ಹೊಸ ಬಲೂನು ಹಾರಿ, ಹೊಸ ಅಂಕಿ ಬಂದ ಹಾಗೆ ಆ 40 ಏರುತ್ತದೆ, ಇಳಿಯುತ್ತದೆ. ಮೊಬೈಲು ಮಾತು ಬದಲಿಸಿದ್ದು ಹೀಗೆ.

ದೊಡ್ಡಪ್ಪ ಅಷ್ಟಕ್ಕೆ ಬಿಡಲಿಲ್ಲ. 'ನಲವತ್ತು ಅಂದ್ರ ಊರಿಗೆ ನಲವತ್ತೋ, ನಮ್ಮ ಹೊಲಕ್ಕ ನಲವತ್ತೋ?' ಎಂದು ಕೇಳಿದರು. ನಮ್ಮ ಕಚೇರಿಯಲ್ಲಿ ಇಷ್ಟು ನೇರವಾಗಿ ಕೇಳಿದವರನ್ನು ನಾನು ಕಂಡಿಲ್ಲ. ಉತ್ತರ: ಮೊಬೈಲಿನ ಆ್ಯಪಿನಲ್ಲಿ ಸಾಮಾನ್ಯವಾಗಿ ಆ ಅಂಕಿ ಚೌಕದೊಳಗಿನ ಯಾವುದೇ ಒಂದು ಜಾಗಕ್ಕೆ, ಅಂದರೆ ನಿಮ್ಮ ಹೊಲಕ್ಕೆ. ದಿನದಲ್ಲಿ 40 ಪಾಲು ಹೊತ್ತು ಮಳೆ ಎಂದೂ ಅಲ್ಲ, 40 ಪಾಲು ಜೋರು ಎಂದೂ ಅಲ್ಲ. ಅಂಥ ನೂರು ಗುರುವಾರಗಳಲ್ಲಿ ಸುಮಾರು ನಲವತ್ತರಲ್ಲಿ ನಿಮ್ಮ ಹೊಲಕ್ಕೆ ಹನಿ ಬೀಳುತ್ತದೆ, ಅರವತ್ತರಲ್ಲಿ ಬೀಳುವುದಿಲ್ಲ ಎಂದು. ಆಕಾಶವಾಣಿಯ ಮಾತು ಬೇರೆ. ಅವರು 'ಉತ್ತರ ಒಳನಾಡಿನ ಒಂದೆರಡು ಕಡೆ' ಎಂದಾಗ ಅದು ಜಾಗದ ಲೆಕ್ಕ: ಮಳೆ ಅಳೆಯುವ ಕೇಂದ್ರಗಳ ಪೈಕಿ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಕಡೆ ಮಳೆ. 'ಕೆಲವು ಕಡೆ' ಎಂದರೆ ಕಾಲಿನಿಂದ ಅರ್ಧ. ನಾವು ಅದನ್ನು ಇಷ್ಟು ವರ್ಷ ತಪ್ಪಿಸಿಕೊಳ್ಳುವ ಮಾತು ಎಂದುಕೊಂಡು ಕೇಳಿದ್ದೇವೆ. ಅದು ಅಳತೆಯ ಮಾತು.

ಹಾಗಾದರೆ 40 ಎಂದಾಗ ಏನು ಮಾಡಬೇಕು? ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಉದಾಹರಣೆಗೆ, ಕಣಿಕೆಗೆ ತಾಡಪತ್ರಿ ಹೊದಿಸಲು ಆಳು, ಹಗ್ಗ ಸೇರಿ 600 ರೂಪಾಯಿ ಖರ್ಚು, ನೆನೆದರೆ 6,000 ಹಾನಿ ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಒಂದು ಪಾಲು. ಮಳೆಯ ಸಂಭವ 10 ದಾಟಿದರೆ ಹೊದಿಸಬೇಕು. 25 ಇರಲಿ, 40 ಇರಲಿ ಉತ್ತರ ಅದೇ. ಮದುವೆ ಮನೆಯವರಿಗೆ ನೀರು ಸೋರದ ಪೆಂಡಾಲಿಗೆ 20,000 ಹೆಚ್ಚು, ಮಳೆ ಬಂದರೆ ಹಾನಿ 40,000 ಎಂದರೆ ಅವರು 50 ದಾಟಿದ ಮೇಲೆ ಯೋಚಿಸಿದರೆ ಸಾಕು. ಇಳಕಲ್ಲಿನ ನೇಕಾರರ ಮನೆಯಲ್ಲಿ ಕುಣಿಮಗ್ಗಕ್ಕೆ ನೀರು ಇಳಿದರೆ ವಾರದ ದುಡಿಮೆ ಹೋಯಿತು. ಬಾಗಿಲಿಗೆ ಒಂದು ಮಣ್ಣಿನ ಒಡ್ಡು ಹಾಕಲು ಅವರು 5 ಪ್ರತಿಶತಕ್ಕೂ ಏಳಬೇಕು. ಜಮಖಂಡಿ ಕಡೆಯ ನನ್ನ ಗೆಳೆಯನೊಬ್ಬನ ಒಣದ್ರಾಕ್ಷಿ ಶೆಡ್ಡು ಇದೆ. ಬಲೆಯ ಮೇಲೆ ಹರಡಿದ ಹಣ್ಣು ಒಣಗಲು ಎರಡು ವಾರ ಬೇಕು. ನಡುವೆ ಇರಚಲು ಹೊಡೆದರೆ ಬಣ್ಣ ಕೆಟ್ಟು ಬೆಲೆ ಇಳಿಯುತ್ತದೆ. ಅವನು ಮೋಡ ಎಂಬ ಶಬ್ದ ಕೇಳಿದರೆ ಪಕ್ಕದ ಪರದೆ ಇಳಿಸುತ್ತಾನೆ. ಇದಕ್ಕೆ ಬಿ.ಇ. ಬೇಕಿಲ್ಲ, ಆದರೆ ಇದೇ ಲೆಕ್ಕವನ್ನು ನಾನು ಲಾರಿಗಳಿಗೆ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ.

ಒಂದು ವಿಷಯಕ್ಕೆ ಮಾತ್ರ ಈ ಖರ್ಚು-ಹಾನಿಯ ಲೆಕ್ಕ ಹಾಕಬೇಡಿ. ಅದು ಸಿಡಿಲು.

ನಾವು ಎಂಟನೆತ್ತೆ ಮುಗಿಸಿದ ಸೂಟಿಯಲ್ಲಿ, ಮೇ ತಿಂಗಳಲ್ಲಿ, ನಮ್ಮ ತರಗತಿಯ ಒಬ್ಬ ಹುಡುಗನ ಅಪ್ಪ ಹೊಲದಲ್ಲಿ ಸಿಡಿಲಿಗೆ ಹೋದರು. ಅವನು ಇವತ್ತು ಇಲ್ಲಿ ಕುಳಿತಿದ್ದಾನೆ, ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಮಳೆ ಇನ್ನೂ ಬಂದಿರಲಿಲ್ಲ. ನಾಲ್ಕು ಹನಿ, ಗಾಳಿ. ಅವರು ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತರು. ಎಲ್ಲರೂ ಅದನ್ನೇ ಮಾಡುತ್ತಿದ್ದರು. ಜೂನ್‌ನಲ್ಲಿ ಹಾಜರಿ ಕರೆದಾಗ ಅವನ ಹೆಸರಿಗೆ ಯಾರೂ 'ಹಾಜರ್ ಸರ್' ಎನ್ನಲಿಲ್ಲ. ನಮ್ಮ ಗುರುಗಳು ಎರಡು ಸಲ ಅವನ ಮನೆಗೆ ಹೋಗಿ ಬಂದರು. ಅವನು ಮಾತ್ರ ಕಮತಕ್ಕೆ ನಿಂತುಬಿಟ್ಟಿದ್ದ. ಗಣಿತದಲ್ಲಿ ನನಗಿಂತ ಮುಂದಿದ್ದವನು.

ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕಿಂತ ಹೆಚ್ಚು ಜನ ಸಾಯುತ್ತಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ಕುರಿ-ದನ ಕಾಯುವವರು. ಗಿಡದ ಕೆಳಗೆ ಏಕೆ ನಿಲ್ಲಬಾರದು? ಬಯಲಿನಲ್ಲಿ ಎತ್ತರದ್ದಕ್ಕೆ ಸಿಡಿಲು ಬಡಿಯುವುದು ಹೆಚ್ಚು. ಗಿಡದಿಂದ ಪಕ್ಕಕ್ಕೆ ಹಾರಿ ಮನುಷ್ಯನಿಗೆ ಹೊಡೆಯಬಹುದು. ಉಳಿದದ್ದು ಬುಡದಿಂದ ನೆಲದಲ್ಲಿ ಸುತ್ತಲೂ ಹರಿಯುತ್ತದೆ. ಒಂದು ಗಿಡದ ಕೆಳಗೆ ಹತ್ತಿಪ್ಪತ್ತು ಕುರಿ ಒಮ್ಮೆಲೇ ಸಾಯುವುದು ಹೀಗೆ, ಮುಂದಿನ ಕಾಲಿನಿಂದ ಹೊಕ್ಕು ಹಿಂದಿನ ಕಾಲಿನಿಂದ ಹೊರಡುತ್ತದೆ.

ಮಕ್ಕಳೇ, ಇದನ್ನು ಇವತ್ತೇ ಮನೆಯಲ್ಲಿ ಹೇಳಿ. ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಿ. ಸದ್ದು ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ, ಇಲ್ಲವೇ ಕಿಟಕಿ ಮುಚ್ಚಿದ ಕಾರು-ಬಸ್ಸಿನೊಳಗೆ ಹೋಗಬೇಕು. ತೆರೆದ ಟ್ರ್ಯಾಕ್ಟರು ಲೆಕ್ಕಕ್ಕಿಲ್ಲ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಗೆ ಬರಬಾರದು. ತಂತಿ ಬೇಲಿ, ಪಂಪಿನ ಪೈಪು ಮುಟ್ಟಬಾರದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, 108ಕ್ಕೆ ಫೋನು ಮಾಡಿ, ಉಸಿರು ನಿಂತಿದ್ದರೆ ಎದೆ ಒತ್ತಲು ಶುರು ಮಾಡಬೇಕು. ನಮ್ಮಜ್ಜಿ ಗುಡುಗಿದಾಗ ಅರ್ಜುನನ ಹತ್ತೂ ಹೆಸರು ಹೇಳಿಸುತ್ತಿದ್ದಳು. ಹೇಳಿರಿ, ಬೇಡ ಎನ್ನುವುದಿಲ್ಲ. ಮನೆಯ ಕಡೆ ನಡೆಯುತ್ತ ಹೇಳಿರಿ. ಪುಣೆಯ ಸಂಸ್ಥೆಯವರು ಮಾಡಿದ 'ದಾಮಿನಿ' ಎಂಬ ಆ್ಯಪ್ ಇದೆ, ಸಿಡಿಲು ಹತ್ತಿರ ಬಂದಾಗ ಎಚ್ಚರಿಸುತ್ತದೆ. ಊಟದ ಹೊತ್ತಿನಲ್ಲಿ ಆಗಲೇ ಹನ್ನೊಂದು ಮಂದಿಗೆ ಹಾಕಿಕೊಟ್ಟಿದ್ದೇನೆ. ಉಳಿದವರು ಮೊಬೈಲು ತೆಗೆದುಕೊಂಡು ಬನ್ನಿ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಯೂ ಇದೆ, ಹಗಲು-ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಕೇಳಬಹುದು.

ಕೊನೆಗೆ ಒಂದು ಸಣ್ಣ ವಸ್ತು ತಂದಿದ್ದೇನೆ. ನಮ್ಮ ಎಸ್‌.ಎಸ್‌.ಎಲ್‌.ಸಿ. ಬ್ಯಾಚಿನವರು ಸೇರಿ ಶಾಲೆಗೆ ಒಂದು ಮಳೆಮಾಪಕ ಕೊಡುತ್ತಿದ್ದೇವೆ. ಗ್ರಾಮ ಪಂಚಾಯಿತಿಗೊಂದರಂತೆ ಅದೇ ಕೇಂದ್ರದವರ ಯಂತ್ರಗಳಿವೆ, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಆದರೆ ಎರಡು ಊರಿನ ನಡುವೆಯೇ ಮಳೆ ಹಂಚಿಹೋಗುವ ಈ ಕಾಲದಲ್ಲಿ ನಮ್ಮ ಅಂಗಳದ ಲೆಕ್ಕ ನಮ್ಮ ಹತ್ತಿರ ಇರಬೇಕು. 40 ಎಂದವರು ನಿಜ ಹೇಳಿದರೇ ಎಂದು ಒಂದು ಗುರುವಾರದಿಂದ ಗೊತ್ತಾಗುವುದಿಲ್ಲ; ನೂರು ದಿನದ ವಹಿ ಬೇಕು. ಪ್ರತಿದಿನ ಬೆಳಗ್ಗೆ 8.30ಕ್ಕೆ ಓದಬೇಕು, ದೇಶದ ಎಲ್ಲ ಕಡೆ ಅದೇ ಹೊತ್ತು. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಎಕರೆಗೆ 4,047 ಲೀಟರ್. ಹತ್ತು ಮಿ.ಮೀ. ಬಿದ್ದರೆ ಎಕರೆಗೆ ಎಷ್ಟು ಟ್ಯಾಂಕರು ಎಂದು ಒಂಬತ್ತನೆತ್ತೆಯವರು ಲೆಕ್ಕ ಹಾಕಿ ಹೇಳಲಿ. ಮಾಪಕವನ್ನು ಧ್ವಜಕಟ್ಟೆಯ ಆ ಕಡೆ ನೆಟ್ಟಿದ್ದೇವೆ, ಬೇವಿನ ಗಿಡದಿಂದ ಅದರ ಎತ್ತರದ ಎರಡು ಪಟ್ಟು ದೂರಕ್ಕೆ. ಸೂಟಿಯಲ್ಲಿ ಯಾರು ಓದುತ್ತಾರೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಶಾಲೆಯ ಹಿಂದಿನ ಓಣಿಯ ಮೂವರು ಹುಡುಗಿಯರು ಒಪ್ಪಿಕೊಂಡಿದ್ದಾರೆ. ಗೇಟಿನ ಕೀಲಿ ಅವರಿಗೆ ಕೊಡಬೇಕಾಗಿ ವಿನಂತಿ.



(ಸಂಚಿಕೆಗೆ ಬರೆದುಕೊಡುವಾಗ ಸೇರಿಸಿದ್ದು: ಆ ಗುರುವಾರ ನಮ್ಮಲ್ಲಿ ಬರೀ ಧೂಳುಗಾಳಿ ಎದ್ದಿತ್ತು, ಅಮೀನಗಡದ ಕಡೆ ಮಿಂಚು ಕಾಣುತ್ತಿತ್ತಂತೆ. ಶುಕ್ರವಾರ ಸಂಜೆ ಐದರ ನಂತರ ಮಳೆ. ಶನಿವಾರ ಬೆಳಗಿನ 8.30ರ ವಹಿಯಲ್ಲಿ ಮೂವರೂ ಸಹಿ ಮಾಡಿ 7 ಮಿ.ಮೀ. ಎಂದು ಬರೆದಿದ್ದಾರೆ. ದೊಡ್ಡಪ್ಪ ಬುಧವಾರವೇ ತಾಡಪತ್ರಿ ಹೊದಿಸಿದ್ದರು. ಎತ್ತು ಹೇಳಿತ್ತಂತೆ.)